ಎಡಗಡೆಯ ಹಾಲು

ಬೆಳ್ಮಣ್,
೧೪-೧೧-೧೯೮೪

ಪ್ರೀತಿಯ ಗುಣವತಿಯಕ್ಕನಿಗೆ,

ಮಗು ಹುಟ್ಟಿ ಐದು ದಿನವಾಯಿತು. ಅಮ್ಮನಿಲ್ಲದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ. ಸೋಮವಾರದಿಂದ ನನ್ನನ್ನು ಮೀಯಿಸಲು ಅಪೊಲೋನಿಯಾಬಾಯಿ ಬರುತ್ತಾರೆ. ಅವರು ಎಣ್ಣೆ ಹಚ್ಚಿ ಎದೆಯನ್ನು ಬಲವಾಗಿ ತಿಕ್ಕುತ್ತಾರಂತೆ. ಮದುವೆಗೆ ಮೊದಲು ಬೊಂಬಾಯಿಯಲ್ಲಿ ನನ್ನ ಎಡ ಎದೆಯೊಳಗೆ ಸಿಲಿಕೋನ್ ಚೀಲ ಇಟ್ಟದ್ದು ಗಂಡ ಲಿಯೋನೆಲ್‌ನನ್ನು ಬಿಟ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಬದಲು ನೀವು ಮೀಯಿಸುತ್ತೀರಾ?

ಕೆಮ್ಮಣ್ಣು ಊರಿನ ನಮ್ಮ ಅಡುಗೆಮನೆಯಲ್ಲಿ ಬಿಸಿಗಂಜಿ ಬಿದ್ದು ಆ ಎದೆ ಸುಟ್ಟಾಗ ನನಗೆ ಆರು ವರ್ಷ. ನೀವು ಆಗ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದಿರಿ, ನಿಮ್ಮ ಮಗ ಭೋಜ ಕೈಗೂಸು. ಮೊಲೆಯಿಂದ ಅವನ ಬಾಯಿ ಬಿಡಿಸಿ, "ಅಳಬೇಡ ಮಗಾ, ಇದು ತಂಪು ಉಂಟು" ಎಂದು ನನಗೆ ಹೇಳುತ್ತಾ ನಿಮ್ಮ ಹಾಲನ್ನೇ ನನ್ನ ಗಾಯಕ್ಕೆ ಹಿಂಡಿದಿರಿ.

ಸುಟ್ಟ ಆ ಎದೆ ಆಮೇಲೆ ಬೆಳೆಯದ್ದರಿಂದಲೇ ಚೀಲ ಇಡಿಸಿದ್ದು; ಆ ಕಡೆ ಹಾಲು ಬರುವುದು ಸಂಶಯವೆಂದು ಡಾಕ್ಟರರು ಹೇಳಿದ್ದರು. ಇವತ್ತು ಬೆಳಿಗ್ಗೆ ಸುಮ್ಮನೆ ಮಗುವಿನ ಬಾಯಿಗಿಟ್ಟೆ. ಬಿಡಿಸಿದಾಗ ತುಟಿಯಲ್ಲಿ ಹಾಲಿತ್ತು.

ಸೋಮವಾರ ಮೊದಲ ಬಸ್ಸಿಗೇ ಬನ್ನಿ. ನಿಮಗೆ ತೋರಿಸಬೇಕು.

ನಿಮ್ಮ
ಲೊರ್ನಾ