ಇಬ್ಬರು ಹಾಕ್‌ಗಳಿಗೆ ಒಬ್ಬಳೇ ತಾಯಿ

ಜುಲೈ 14, 1957. ಭಾನುವಾರ, ಸಂಜೆ

ಟಾಕೀಸಿನಲ್ಲಿ ಕಾಪರ್ ಹಾಕ್ ಚಿತ್ರದ ಹನ್ನೊಂದನೆಯ ಕಂತು ಮುಗಿಯಿತು. ಕೊನೆಯಲ್ಲಿ ಕಾರು ಮತ್ತೆ ಪ್ರಪಾತಕ್ಕೆ. ಮೂರನೆಯ ಕಂತಿನಲ್ಲಿ ಬಿದ್ದಿತ್ತಲ್ಲ, ಅದೇ ಕಾರು. ಎಡಗಡೆ ಮಡ್‌ಗಾರ್ಡು ನೆಗ್ಗಿದ್ದು ಹಾಗೆಯೇ ಇದೆ. ವಾರವೆಲ್ಲ ಸೈಕಲ್ ಶಾಪಿನಲ್ಲಿ ಕೂರುವ ನನ್ನ ಕಣ್ಣಿನಿಂದ ನೆಗ್ಗಿದ್ದು ತಪ್ಪಿಸಿಕೊಳ್ಳುವುದಿಲ್ಲ.

ಬೆಂಚಿನಿಂದ ಒಬ್ಬ ಕೇಳಿದ: 'ಹೋದ್ವಾರ ಹಾಕ್ ಮನೆಯೊಳಗೇ ಇದ್ದ, ಮನೆ ಸುಟ್ಟೋಯ್ತು. ಈ ವಾರ ಎಂಗೆ ಮುಂಚೇನೇ ಹಾರ್ಬುಟ್ಟ ಸಿದ್ದರಾಜಣ್ಣ?'

ಮೈಕಿನಲ್ಲಿ ಹೇಳಿದೆ: 'ಅವನು ಹಾರೋವಾಗ ನೀನು ಕಡಲೆಕಾಯಿ ಬಿಡಿಸ್ತಿದ್ದೆ ಕಣೋ.'

ಹಾಲೆಲ್ಲ ನಗು. ಅವನಿಗೂ ಸಮಾಧಾನ.

ತೆರೆಯ ಬಲಕ್ಕೆ ಒಂದು ಸ್ಟೂಲು, ಒಂದು ಮೈಕು. ಭಾನುವಾರದ ಇಂಗ್ಲಿಷ್ ಆಟಕ್ಕೆ ಕನ್ನಡದಲ್ಲಿ ವಿವರಣೆ. ಈ ಕೆಲಸಕ್ಕೆ ಇಂದಿಗೆ ಏಳು ವರ್ಷ. ನನ್ನ ಇಂಗ್ಲಿಷು ಎಷ್ಟು? ಸೋಡಾ ಬಾಟಲಿ, ಟೈರು, ಪೋಸ್ಟರು — ಇವುಗಳ ಮೇಲೆ ಬರೆದಿರುವಷ್ಟು. ಉಳಿದದ್ದು ತೆರೆಯ ಮೇಲಿನವರ ಮುಖ ನೋಡಿ ಹೇಳುವುದು.

ಕಾಪರ್ ಹಾಕ್ ಕೂಡ ಹಾಗೆಯೇ ಆಯಿತು. ಅಮೆರಿಕದ ಕಾಮಿಕ್ ಪುಸ್ತಕದ ವೀರ. ಹಗಲು ಪೋಸ್ಟಾಫೀಸಿನ ಗುಮಾಸ್ತ, ಕಷ್ಟ ಬಂದಲ್ಲಿ ತಾಮ್ರದ ಬಣ್ಣದ ಗಿಡುಗನ ಮುಖವಾಡ ತೊಟ್ಟು ಹಾರುವವನು. ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕ ನನ್ನ ಹತ್ತಿರ ಇದೆ. ಕೊನೆಯ ಹಾಳೆಗಳಿಲ್ಲ. ಟಾಕೀಸಿನಲ್ಲಿ ಏಳು ವರ್ಷದಿಂದ ಅದೇ ಹಾಕ್ ಕಂತುಗಳು, ಮುಗಿದರೆ ಮತ್ತೆ ಮೊದಲಿನಿಂದ. ಚಿತ್ರದಲ್ಲಿ ಕಂತಿಗೊಂದು ಸಲ ಜೇಬಿನ ಗಡಿಯಾರದ ಮುಚ್ಚಳ ತೆಗೆದು, ಒಳಗಿನ ಫೋಟೋ ನೋಡಿ ನಿಟ್ಟುಸಿರು ಬಿಡುತ್ತಾನೆ. ಹೆಂಗಸು. ತಲೆಗೆ ವಸ್ತ್ರ ಕಟ್ಟಿದ್ದಾಳೆ. ಮೊದಲ ದಿನವೇ 'ಇವನ ತಾಯಿ' ಎಂದುಬಿಟ್ಟೆ. ಆಮೇಲೆ ಆ ತಾಯಿ ನನ್ನ ಬಾಯಲ್ಲಿ ಬೆಳೆದಳು. ಹಸು ಕಟ್ಟಿದಳು. ಮಗ ಪಟ್ಟಣಕ್ಕೆ ಹೊರಟ ದಿನ ಬುತ್ತಿ ಕೈಗಿತ್ತು, ತಿರುಗಿ ನೋಡದೆ ಒಳಗೆ ಹೋದಳು. ಈಗ ಫೋಟೋ ಬಂದರೆ ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗುತ್ತದೆ. ಇವತ್ತು ಎಣಿಸಿದೆ — ಹತ್ತೊಂಬತ್ತು ಸೆರಗು.

ಜುಲೈ 16. ಮಂಗಳವಾರ

ಟಾಕೀಸಿನ ಮಾಲೀಕರು, ಲಕ್ಷ್ಮೀನರಸಿಂಹಯ್ಯನವರು, ಕರೆಸಿದರು. ಕೈಯಲ್ಲಿ ಕಾಗದ. ಯಾರೋ ಹೆಸರು ಹಾಕದೆ ಬರೆದದ್ದು. 'ಹಾಕ್ ಬಾಯಿ ಎರಡು ಸಲ ಆಡಿದರೆ ನಿಮ್ಮವನು ಹನ್ನೆರಡು ವಾಕ್ಯ ಹೇಳುತ್ತಾನೆ. ಇದು ವಿವರಣೆಯೋ ಹರಿಕಥೆಯೋ?'

ಹನ್ನೆರಡಲ್ಲ, ಸರಾಸರಿ ಏಳು.

'ಮಾತು ಚೆನ್ನಾಗಿದೆ ಕಣಯ್ಯ,' ಎಂದರು. 'ನಿಜವೋ ಸುಳ್ಳೋ ನನಗೂ ಗೊತ್ತಿಲ್ಲ. ದಸರೆಗೆ ಹೊಸ ಹಾಕ್ ಬರ್ತಿದೆ. ಬೇರೆ ನಟ, ಕಂತುಗಿಂತು ಇಲ್ಲ, ಒಂದೇ ಪೂರಾ ಚಿತ್ರ. ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಬೆಳಗ್ಗೆ ಹಳೇದರ ಕೊನೇ ಎರಡು ಕಂತು, ಮಧ್ಯಾಹ್ನ ಹೊಸದು. ಯಾವ ಹಾಕ್ ವಾಸಿ ಅಂತ ಊರೇ ಹೇಳಲಿ. ನಿನ್ನ ವಿಷಯ ಮಾತ್ರ ಇಂಗ್ಲಿಷ್ ಟೀಚರ್ ಗಿರಿಜಾಂಬಾ ಹೇಳ್ತಾರೆ. ನೋಟ್‌ಬುಕ್ ಹಿಡಿದು ಕೂರ್ತಾರೆ.'

'ಅವರು ತಪ್ಪು ಅಂದ್ರೆ?'

'ಕಥಾಸಾರಾಂಶ ಅಚ್ಚು ಹಾಕಿಸಿ ಬಾಗಿಲಲ್ಲಿ ಹಂಚೋದು. ಸ್ಟೂಲು ಎತ್ತಿಡೋದು.'

ಮನೆಗೆ ನಡೆದೇ ಬಂದೆ. ಶಾಪಿನಲ್ಲಿ ಹದಿನಾಲ್ಕು ಸೈಕಲ್ ಇವೆ, ಒಂದೂ ನೆನಪಾಗಲಿಲ್ಲ.

ಆಗಸ್ಟ್ 5. ಸೋಮವಾರ

ಗಿರಿಜಾಂಬಾ ಶಾಪಿಗೇ ಬಂದರು. ಚಾಮರಾಜಪುರಂ ಮೂರನೆಯ ಅಡ್ಡರಸ್ತೆಯವರು, ನಮ್ಮ ಶಾಪಿಗೆ ಹತ್ತು ಮನೆ ಆಚೆ. ಲೇಡೀಸ್ ಸೈಕಲ್ಲು, ಹಿಂದಿನ ಚಕ್ರ ಪಂಕ್ಚರು. ಟ್ಯೂಬು ನೀರಿಗದ್ದಿ ಗುಳ್ಳೆ ನೋಡುತ್ತಾ ಕೂತೆ. ತಲೆ ಎತ್ತಲಿಲ್ಲ.

ಅವರೇ ಶುರು ಮಾಡಿದರು. 'ನಾಲ್ಕು ವರ್ಷದಿಂದ ಅಮ್ಮನ್ನ ಪ್ರತಿ ಭಾನುವಾರ ಕರ್ಕೊಂಡು ಬರ್ತಿದೀನಿ ಸಿದ್ದರಾಜು. ಅಮ್ಮಂಗೆ ಎರಡೂ ಕಣ್ಣಿಗೆ ಪೊರೆ. ತೆರೆ ಮೇಲೆ ಬೆಳಕು ಅಲ್ಲಾಡೋದು ಬಿಟ್ರೆ ಏನೂ ಕಾಣಲ್ಲ. ನೀವು ಹೇಳಿದ್ದೇ ಅವರಿಗೆ ಹಾಕ್.'

ಮುಂದಿನ ಸಾಲಿನ ಸುಂದರಮ್ಮನವರು. ಅವರು ಕಣ್ಣು ಮುಚ್ಚಿಕೊಂಡೇ ನಗುವುದನ್ನು ನೋಡಿದ್ದೇನೆ. ಭಕ್ತಿ ಅಂದುಕೊಂಡಿದ್ದೆ.

ಒಂದು ಕ್ಷಣ ಹಿಗ್ಗು. ಆಮೇಲೆ ಲೆಕ್ಕ ಹೊಳೆಯಿತು. ನಾಲ್ಕು ವರ್ಷ. ಇಂಗ್ಲಿಷ್ ಟೀಚರು. ಪಕ್ಕದ ಕುರ್ಚಿ.

'ಹಂಗಾದ್ರೆ ನಿಮಗೆ ಎಲ್ಲಾ ಗೊತ್ತಿತ್ತೇ ಅಮ್ಮಾವ್ರೇ?'

'ನನಗೇನು ಗೊತ್ತು ಅಂತ ಇಪ್ಪತ್ತೊಂಬತ್ತಕ್ಕೆ ಹೇಳ್ತೀನಿ. ಮುಂದಿನ ವಾರ ಅಮ್ಮಂಗೆ ಕಣ್ಣಿನ ಆಪರೇಷನ್ನು. ದಸರೆ ಹೊತ್ತಿಗೆ ಕನ್ನಡಕ ಬರುತ್ತೆ. ನಿಮ್ಮ ಹಾಕ್‌ನ ಕಣ್ಣಾರೆ ನೋಡ್ಬೇಕಂತೆ, ದಿನಾ ಅದೇ ಮಾತು.'

ಪ್ಯಾಚು ತಲೆಕೆಳಗಾಗಿ ಹಾಕಿದ್ದೆ. ತೆಗೆದು ಮತ್ತೆ ಹಾಕಿದೆ.

ಸೆಪ್ಟೆಂಬರ್ 13. ಶುಕ್ರವಾರ

ಹೊಸ ಹಾಕ್ ಬಂದ. ರೀಲಿನ ಡಬ್ಬಿಗಳನ್ನು ಜಟಕಾದಲ್ಲಿ ತಂದು ಇಳಿಸಿದರು. ಮಧ್ಯಾಹ್ನ ಖಾಲಿ ಹಾಲಿನಲ್ಲಿ ಆಪರೇಟರ್ ಪುಟ್ಟಸ್ವಾಮಿ ಓಡಿಸಿ ತೋರಿಸಿದ. ನಾನು ಇದನ್ನೆಲ್ಲ ಬರೆಯುತ್ತಿರುವುದು ಸೈಕಲ್ ಬಾಡಿಗೆ ರಿಜಿಸ್ಟರಿನಲ್ಲಿ, ಕಾಲಂ ಗೀಚಿಯೇ ಇವೆ. ಹಳಬ ಹೊಸಬರ ಹೋಲಿಕೆಗೆ ಉಪಯೋಗಿಸುತ್ತೇನೆ.

ಹಾರುವುದು. ಹಳಬ ಎರಡು ಹೆಜ್ಜೆ ಹಿಂದೆ ಹೋಗಿ ಓಡಿಬಂದು ನೆಗೆಯುತ್ತಾನೆ, ನಾಲೆ ದಾಟುವವನ ಹಾಗೆ. ಗಾಳಿಗೆ ಹೋದ ಮೇಲೆ ಬರೀ ಬರೆದ ಗೊಂಬೆ. ಹೊಸಬ ನಿಂತಲ್ಲಿಂದಲೇ ಮೇಲೆ. ಮುಖ ಅವನದೇ, ಕೂದಲು ಹಾರುತ್ತದೆ. ಒಪ್ಪಬೇಕು.

ಇಳಿಯುವುದು. ಹಳಬ ದೊಪ್ಪೆಂದು ಇಳಿದು ಮಂಡಿ ಹಿಡಿದುಕೊಳ್ಳುತ್ತಾನೆ. ಹೊಸಬ ಇಳಿದರೆ ಧೂಳೂ ಏಳದು.

ಬೆನ್ನಿನ ಬಟ್ಟೆ. ಹಳಬನದು ಜಮಖಾನ. ಹೊಸಬನದು ರೇಷ್ಮೆ ಇರಬೇಕು.

ಹೊಡೆತ. ಹಳಬ ಕಂತಿಗೆ ಹದಿನೇಳು. ಬಿದ್ದವರೆಲ್ಲ ಎದ್ದು ಬಂದು ಮತ್ತೆ ತಿನ್ನುತ್ತಾರೆ. ಹೊಸಬ ಇಡೀ ಚಿತ್ರಕ್ಕೆ ಒಂಬತ್ತು. ಯಾರೂ ಏಳುವುದಿಲ್ಲ.

ಟೋಪಿ. ಎಷ್ಟು ಗುದ್ದಾಡಿದರೂ ಹಳಬನ ಗುಮಾಸ್ತನ ಟೋಪಿ ಬೀಳುವುದಿಲ್ಲ. ಹೊಸಬನದು ಮೊದಲ ಏಟಿಗೇ ಹೋಯಿತು.

'ಹೊಸಬ್ನೇ ಸೈ,' ಎಂದ ಪುಟ್ಟಸ್ವಾಮಿ. 'ಹಳಬ ಹಾರದು ನೋಡಿದ್ರೆ ನಂಗೇ ಉಸ್ರು ಕಟ್ತದೆ.'

'ಅದಕ್ಕೇ ಅವನು ನಮ್ಮವನು ಕಣೋ. ಕಷ್ಟಪಟ್ಟು ಹಾರ್ತಾನೆ.'

ಜಗಳ ಕೊನೆಯ ರೀಲಿನವರೆಗೆ. ಹೊಸಬ ಗಡಿಯಾರದ ಮುಚ್ಚಳ ತೆಗೆದ. ಫೋಟೋ, ಅದೇ ತಲೆವಸ್ತ್ರ. ಬಾಗಿಲು ತೆರೆಯಿತು. ಫೋಟೋದವಳೇ ಒಳಗೆ ಬಂದಳು. ಇಪ್ಪತ್ತೆರಡು ವರ್ಷ ಇರಬಹುದು. ಹಾಕ್ ಮಂಡಿಯೂರಿ ಉಂಗುರ ತೊಡಿಸಿದ.

ಪುಟ್ಟಸ್ವಾಮಿ ಕಿಂಡಿಯಿಂದ ತಲೆ ಹಾಕಿದ. 'ಅಣ್ಣೋ. ತಾಯಿಗೆ ಉಂಗುರ ತೊಡುಸ್ತಾವ್ನಲ್ಲ.'

ಕೆಳಗಿಳಿದು ಬಂದು 'ಕತ್ರಿ ಐತೆ,' ಎಂದ. 'ಕೊನೇ ರೀಲು ಕತ್ರುಸ್ಬುಡ್ಲಾ?'

ಆಸೆಯಾಯಿತು. ಬೇಡ ಎಂದೆ. ಕೊನೆಯ ಹಾಳೆ ಹರಿದ ಪುಸ್ತಕ ನಂಬಿಯೇ ಇಷ್ಟೆಲ್ಲ ಆದದ್ದು.

ಸೆಪ್ಟೆಂಬರ್ 22. ಭಾನುವಾರ, ಸಂಜೆ

ಅವ್ವ ನಮ್ಮೂರು ಬೋಗಾದಿಯಿಂದ ಬಂದಿದ್ದಳು, ಹಸಿ ಕಡಲೆಕಾಯಿ ತುಂಬಿದ ಚೀಲ ತಲೆಯ ಮೇಲೆ. ಹಸು ಕರೆಯುವ ಹೊತ್ತಿಗೆ ವಾಪಸ್ಸಾಗಬೇಕು. ಯಾವಾಗಲೂ ಅದೇ ಅವಸರ. ಏಳು ವರ್ಷದಲ್ಲಿ ಒಂದು ಆಟಕ್ಕೂ ಕೂತವಳಲ್ಲ.

'ಕತ್ತಲೇಲಿ ಕೂತ್ಕಂಡು ಮಾತಾಡದೂ ಒಂದು ಕೆಲ್ಸವಾ ಮಗ?'

'ಅದೂ ಹೋಗೋ ಹಂಗೈತೆ ಬುಡವ್ವ.'

ಅವ್ವ ಹೋದ ಮೇಲೆ ನನ್ನ ಹೆಂಡತಿ ಮಂಗಳಮ್ಮ ಕಡಲೆಕಾಯಿ ಬೇಯಲಿಟ್ಟು ಎದುರು ಕೂತಳು. 'ಇದ್ದದ್ದು ಇದ್ದ ಹಂಗೆ ಹೇಳ್ಬುಡಿ. ಫೋಟೋದವಳು ಹುಡುಗಿ ಅಂತ.'

'ಜನ ಸುಮ್ನಿರ್ತಾರಾ?'

'ತಾಯಿನೂ ಇದ್ದದ್ದೇ ಅಲ್ವಾ? ಬುತ್ತಿ ಕೊಟ್ಟು ತಿರುಗಿ ನೋಡ್ದೆ ಒಳಗೆ ಹೋದವ್ಳು ಯಾರು ಅಂತ ನಂಗೊತ್ತಿಲ್ವೇನ್ರೀ? ಈಗ ತಾನೇ ಚೀಲ ಇಳಿಸಿ ಹೋದ್ರು.'

ಕಡಲೆಕಾಯಿಗೆ ಉಪ್ಪು ಜಾಸ್ತಿ ಎಂದೆ. ಇನ್ನೂ ಬೆಂದಿರಲಿಲ್ಲ.

ಸೆಪ್ಟೆಂಬರ್ 30. ಸೋಮವಾರ, ಶಾಪು ತೆಗೆಯುವ ಮುಂಚೆ

ನಿನ್ನೆ ರಾತ್ರಿ ಬರೆಯಲಿಲ್ಲ. ಈಗ ಒಂದೊಂದಾಗಿ.

ಬೆಳಗಿನ ಆಟ. ದಸರೆಗೆ ಬಂದವರೆಲ್ಲ ನಮ್ಮಲ್ಲೇ. ಗೋಡೆಗೆ ಒರಗಿ ನಿಂತವರು ಅರವತ್ತು. ಮುಂದಿನ ಸಾಲಿನಲ್ಲಿ ಸುಂದರಮ್ಮನವರು, ಸೋಡಾ ಬಾಟಲಿಯ ತಳದಷ್ಟು ದಪ್ಪ ಕನ್ನಡಕ. ಪಕ್ಕದಲ್ಲಿ ಗಿರಿಜಾಂಬಾ, ನೋಟ್‌ಬುಕ್, ಚೂಪು ಪೆನ್ಸಿಲ್.

ಹಳಬ ಬಂದ. ಶಿಳ್ಳೆ. ಸುಂದರಮ್ಮ ಕತ್ತು ಚಾಚಿ ನೋಡಿದರು.

'ಗಿರಿಜಾ, ಇವನ್ಯಾರೇ?'

'ಹಾಕ್ ಅಮ್ಮ.'

'ಇವನಾ? ಇವನಿಗೆ ಹೊಟ್ಟೆ ಇದೆಯಲ್ಲೇ.'

ಸ್ಟೂಲಿನವರೆಗೂ ಕೇಳಿಸಿತು. ಏಳು ವರ್ಷದಲ್ಲಿ ಹೊಟ್ಟೆಯ ವಿಷಯ ನಾನು ಎತ್ತಿರಲಿಲ್ಲ, ನಿಜ. ಹಳಬ ದೊಪ್ಪೆಂದು ಇಳಿದಾಗ ಮಾತ್ರ ಅವರ ಮುಖ ಅರಳಿತು. 'ಹೆಜ್ಜೆ ಅವನದೇ,' ಎಂದರು.

ಮಧ್ಯಾಹ್ನದ ಆಟ. ಹೊಸಬ ನಿಂತಲ್ಲಿಂದ ಮೇಲೇರಿದ ಕೂಡಲೇ ಬೆಂಚಿನವರು ಎದ್ದೇ ನಿಂತರು. ನಾನೂ ಮೈಮರೆತು ಎರಡು ವಾಕ್ಯ ನುಂಗಿದೆ. ಸುಂದರಮ್ಮ ಒಪ್ಪಲಿಲ್ಲ. 'ಇವನೂ ಅಲ್ಲ. ಇವನು ಇಳಿದರೆ ಸದ್ದೇ ಇಲ್ಲ.'

ಕೊನೆಯ ರೀಲು. ಮುಚ್ಚಳ ತೆರೆಯಿತು. ಹೆಂಗಸರು ಸೆರಗು ಹಿಡಿದು ಸಿದ್ಧರಾದರು. ಬಾಗಿಲು ತೆರೆಯಿತು. ಹುಡುಗಿ ಬಂದಳು. ಉಂಗುರ.

ಮೈಕು ಸುಮ್ಮನಾಯಿತು.

'ಅವ್ನ ತಾಯಿ ಅಲ್ವಾ ಅದು?' 'ಶಿವ ಶಿವಾ, ಇದೇನ್ರೀ?' ಇಬ್ಬರು ಹೆಂಗಸರು ಎದ್ದು ಹೊರಟರು. ಬಾಗಿಲಲ್ಲಿ ಮಾಲೀಕರು ಕೈಕಟ್ಟಿ ನಿಂತಿದ್ದರು. ಗಿರಿಜಾಂಬಾ ಪೆನ್ಸಿಲ್ ಎತ್ತಿ ಹಿಡಿದಿದ್ದರು.

ಆಗ ಸುಂದರಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟರು.

'ಯಾಕಪ್ಪ ನಿಲ್ಲಿಸ್ಬಿಟ್ಟೆ? ಹೇಳು. ನಾನು ಕಣ್ಣು ಮುಚ್ಕೊಂಡಿದೀನಿ.'

ಹೇಳಿದೆ. 'ತಾಯಂದಿರೇ, ಅಣ್ಣತಮ್ಮಂದಿರೇ, ಆ ಫೋಟೋ ಅವನ ತಾಯಿದಲ್ಲ. ಈ ಹುಡುಗೀದು. ಮದುವೆ ಆಗೋನಿದ್ದಾನೆ. ಏಳು ವರ್ಷದ ಹಿಂದೆ ತಿಳೀದೆ ತಾಯಿ ಅಂದ್ಬುಟ್ಟೆ. ಆಮೇಲೆ ಅವಳನ್ನ ಬುಡೋಕೆ ಮನಸ್ಸು ಬರ್ಲಿಲ್ಲ. ತಪ್ಪಾಯ್ತು.'

ಬೆಂಚಿನ ಕಡಲೆಕಾಯಿಯವನು — ಅವನೇ — ಕೇಳಿದ: 'ಅಂಗಾರೆ ಅವನ್ಗೆ ತಾಯೇ ಇಲ್ವಾ?'

ಎದ್ದು ಹೊರಟಿದ್ದ ಹೆಂಗಸರಲ್ಲೊಬ್ಬಳೇ ತಿರುಗಿ ನಿಂತಳು. 'ಇಲ್ದೇ ಏನು? ಊರಲ್ಲವ್ಳೆ. ಹಸ ಬುಟ್ಟು ಎಂಗ್ ಬತ್ತಾಳೆ?'

ಇನ್ನೊಬ್ಬಳು ಸೇರಿಸಿದಳು: 'ಮದ್ವೆಗೆ ಒಪ್ಪವ್ಳಾ ಕೇಳಿ ಸಿದ್ದರಾಜಣ್ಣ.'

ಇಡೀ ಹಾಲು ನನ್ನ ಕಡೆ. ತೆರೆಯ ಮೇಲೆ ಹಾಕ್ ಹುಡುಗಿಗೆ ಏನೋ ಕೇಳುತ್ತಿದ್ದಾನೆ. ಮೈಕು ಹತ್ತಿರ ಎಳೆದುಕೊಂಡೆ.

'ಹುಡುಗಿಗೆ ಹಾಲು ಕರೆಯೋಕೆ ಬತ್ತದಾ ಅಂತ ತಾಯಿ ಕೇಳಿ ಕಳ್ಸವ್ಳೆ.'

ಹುಡುಗಿ ತೆರೆಯ ಮೇಲೆ ಮೆಲ್ಲಗೆ ತಲೆಯಾಡಿಸಿದಳು.

'ಬತ್ತದಂತೆ.'

ಆ ಚಪ್ಪಾಳೆ ನಾನು ಎಣಿಸಲಿಲ್ಲ. ಏಳು ವರ್ಷದಲ್ಲಿ ಎಣಿಸದೆ ಬಿಟ್ಟದ್ದು ಅದೊಂದೇ. ಎದ್ದ ಇಬ್ಬರೂ ಕೂತರು. ಗಿರಿಜಾಂಬಾ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ಭುಜ ಕುಲುಕುತ್ತಿತ್ತು.

ಅಕ್ಟೋಬರ್ 4. ಶುಕ್ರವಾರ

ವರದಿ ಬಂತು. ಮಾಲೀಕರು ಗಟ್ಟಿಯಾಗಿ ಓದಿದರು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ.

'ಎರಡೂ ಆಟ ಸೇರಿ ಸಿದ್ದರಾಜು ಹೇಳಿದ ವಾಕ್ಯ 614. ಚಿತ್ರದಲ್ಲಿ ಇದ್ದದ್ದು 139. ಇಲ್ಲದ್ದು 475.'

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮುಂದೆ ಓದಿದರು.

'ಇದ್ದ 139ನ್ನು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದ 475ನ್ನು ತೆಗೆದರೆ ಯಾರೂ ಬರುವುದಿಲ್ಲ. ಸ್ಟೂಲು ಅಲ್ಲೇ ಇರಲಿ. ಆದರೂ ಶನಿವಾರ ನಾಲ್ಕು ಗಂಟೆಗೆ ನಮ್ಮ ಮನೆಗೆ ಇಂಗ್ಲಿಷ್ ಪಾಠಕ್ಕೆ ಬರಬೇಕು. 139 ಇನ್ನೂರಾದರೆ ಸಾಕು. ತಾಯಿಯನ್ನು ಮುಟ್ಟಬಾರದು. ಯಾವ ಹಾಕ್ ವಾಸಿ ಎಂಬ ಬಗ್ಗೆ ನಮ್ಮ ಅಮ್ಮನ ಅಭಿಪ್ರಾಯ: ಇಬ್ಬರೂ ಅಲ್ಲ, ಕನ್ನಡಕ ಬರುವ ಮೊದಲು ನೋಡುತ್ತಿದ್ದವನೇ.'

ಮಾಲೀಕರು ಕಾಗದ ಮಡಿಸಿದರು. 'ಸ್ಟೂಲಿಗೊಂದು ದಿಂಬು ಹಾಕಿಸ್ತೀನಿ ಹೋಗಯ್ಯ.'

ಪುಟ್ಟಸ್ವಾಮಿ ಈಗಲೂ ಹೊಸಬನ ಕಡೆಯೇ. ಇರಲಿ. ಹಾರುವ ಕಾಲಂ ಹೊಸಬನಿಗೆ ಬಿಟ್ಟುಕೊಟ್ಟೆ. ಇಳಿಯುವ ಕಾಲಂ ಬಿಡುವುದಿಲ್ಲ.

ಅಕ್ಟೋಬರ್ 13. ಭಾನುವಾರ, ಬೆಳಗ್ಗೆ 10-20. ಟಾಕೀಸಿನಲ್ಲೇ, ಸ್ಟೂಲಿನ ಮೇಲೆ

ಹಳಬ ಮೊದಲನೆಯ ಕಂತಿನಿಂದ ಮತ್ತೆ ಶುರು. ಜನರೇ ಕೇಳಿದ್ದು. ದಿಂಬು ಬಂದಿದೆ, ಹತ್ತಿ ಗಂಟುಗಂಟು. ನಿನ್ನೆಯ ಪಾಠದಲ್ಲಿ ಕಲಿತದ್ದು ಒಂದು: ಏಳು ವರ್ಷದಿಂದ ಹಾಕ್ ಪೊಲೀಸಿನವರಿಗೆ ಹೇಳುತ್ತಿದ್ದದ್ದು 'ಬೇಗ ಬನ್ನಿ' ಅಂತಲ್ಲ, 'ದೂರ ಇರಿ' ಅಂತ. ಇವತ್ತಿನಿಂದ ಸರಿಮಾಡಬೇಕು.

ಮಂಗಳಮ್ಮ ಯಾರನ್ನು ಕೈ ಹಿಡಿದು ಕರೆತರುತ್ತಿದ್ದಾಳೆ —

ಅವ್ವ. ಹೊಸ ಸೀರೆ. ಹಸುವನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ಬಂದಳಂತೆ. ಮುಂದಿನ ಸಾಲಿನಲ್ಲಿ ಸುಂದರಮ್ಮನವರ ಪಕ್ಕವೇ ಜಾಗ. ಇಬ್ಬರೂ ಆಗಲೇ ಮಾತಿಗೆ ಕೂತಿದ್ದಾರೆ, ಇಲ್ಲಿಗೆ ಕೇಳಿಸುತ್ತಿದೆ.

'ನಿಮಗೆ ಹಸು ಇದೆಯಾ?'

'ಒಂದೈತೆ ಕಣವ್ವ. ಯಾಕೆ?'

ಸುಂದರಮ್ಮ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಅವ್ವನ ಮುಖವನ್ನು ನೋಡಿದರು. ಆಮೇಲೆ ನನ್ನನ್ನು. ಮತ್ತೆ ಅವ್ವನನ್ನು.

ಗಂಟೆ ಹೊಡೆಯಿತು. ದೀಪ ಆರುತ್ತಿದೆ. ಫೋಟೋ ಬರುವುದು ಎಂಟನೆಯ ನಿಮಿಷಕ್ಕೆ. ಅಷ್ಟರೊಳಗೆ ನಾನು, ಅವ್ವನ ಎದುರಿಗೇ ಆ ತಾಯಿಯ ಕಥೆ ಹೇಗೆ ಹೇಳುವುದೆಂದು —