ಕೆಂಪು ಚುಕ್ಕೆಯ ಕ್ಯಾಸೆಟ್ಟು

ತಾರೀಕು ಹನ್ನೊಂದು, ಮಂಗಳವಾರ ಬೆಳಿಗ್ಗೆ

ನನ್ನ ಬಾಯಿಬಡುಕಿ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ಚೆನ್ನಾಗಿದ್ದೇನೆ ಅಂತ ಬರೆದರೆ ಮೊಣಕಾಲು ಸುಳ್ಳು ಅನ್ನುತ್ತೆ, ಚೆನ್ನಾಗಿಲ್ಲ ಅಂದರೆ ನನ್ನ ನಾಲಿಗೆ ಸುಳ್ಳು ಅನ್ನುತ್ತೆ. ನಿನ್ನ ಕ್ಯಾಸೆಟ್ಟಿನ ಪಾರ್ಸೆಲ್ ಬಂದು ಹನ್ನೆರಡು ದಿನ ಆಯಿತು. ತಡ ಮಾಡಿದೆ ಅಂತ ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ನಾಲ್ಕನೇ ಕ್ಲಾಸಿನ ಅಕ್ಷರ, ಕೂಡಿಸಿಕೊಂಡು ಓದು.

ನಿನ್ನ ಮಾವ ಅಟ್ಟದಿಂದ ಟೇಪ್‌ರೆಕಾರ್ಡರ್ ಇಳಿಸಿ ರಿಪೇರಿ ಮಾಡಿಸಿ ತಂದ. "ಅಮ್ಮಾ, ಈಗಲೂ ಕ್ಯಾಸೆಟ್ಟು ಮಾಡೋ ಹುಚ್ಚರು ಇದ್ದಾರಾ?" ಅಂದ. "ಇದ್ದಾರೆ, ನಿನ್ನ ಅಕ್ಕನ ಮಗಳು" ಅಂದೆ. ನಿಮ್ಮ ತಂಡದ ಫೋಟೋ ನೋಡಿದೆ. ಆ ಗಿಟಾರಿನವನಿಗೆ ಬಾಚಣಿಗೆ ಅನ್ನೋ ಸಾಮಾನು ಇದೆ ಅಂತ ತಿಳಿಸು. ಡ್ರಮ್ ಬಾರಿಸುವ ಹುಡುಗಿ ಮಾತ್ರ ಪರವಾಗಿಲ್ಲ, ತೋಳಲ್ಲಿ ಕಸುವಿದೆ. ಪೇಪರಿನವರು 'ಹಳೆಯ ಕಾಲದ ಘಮದ ಹೊಸ ತಂಡ' ಅಂತ ಬರೆದಿದ್ದಾರಂತೆ. ಇಪ್ಪತ್ಮೂರು ವರ್ಷದವರಿಗೆ ಯಾವ ಹಳೆಯ ಕಾಲವೇ ತಾಯಿ?

"ಅಜ್ಜಿ, ನೀನು ಪಾಸ್ ಮಾಡಿದರೆ ಮಾತ್ರ ಕಾಪಿ ಹಾಕಿಸ್ತೀವಿ" ಅಂತ ಬರೆದಿದ್ದೀಯ. ಕ್ಯಾಸೆಟ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಹೆಡ್‌ಫೋನ್ ಹಾಕಿ ಕೂತವಳು ನಾನು. ಗೊರಗೊರ ಅಂದದ್ದಕ್ಕೆ, ದನಿ ಎಳೆದಾಡಿದ್ದಕ್ಕೆ ಕೆಂಪು ಚುಕ್ಕೆ ಅಂಟಿಸಿ ಬುಟ್ಟಿಗೆ ಎಸೆಯೋದೇ ನನ್ನ ಕೆಲಸ. ನೀವೋ, ಆ ಗೊರಗೊರವನ್ನೇ ಹುಡುಕಿ ತಂದು ಹಾಡಿನ ಮೇಲೆ ಸುರಿದಿದ್ದೀರಿ! ಕಲ್ಲು ಆರಿಸಿ ಆರಿಸಿ ಕಣ್ಣು ಮಂಜಾದವಳ ತಟ್ಟೆಗೆ ಕಲ್ಲನ್ನೇ ಬಡಿಸಿದ ಹಾಗಾಯಿತು.

ಆದರೂ ಮೊದಲೆರಡು ಹಾಡಿಗೆ ಕಾಲು ತಾನಾಗಿ ತಾಳ ಹಾಕಿತು. ಮೂರನೆಯದರಲ್ಲಿ ನಿನ್ನ ದನಿ ಜಾರಿ, ಕುಸಿದು, ಮತ್ತೆ ಏಳುತ್ತೆ. ಮಷೀನಿನ ಬೆಲ್ಟ್ ಸಡಿಲವಾಗಿ ದನಿ ಜಾರ್ತಿದೆ ಅಂತ ನಿನ್ನ ಮಾವನ ಮೇಲೆ ಕೂಗಾಡಿದೆ. "ಬೆಲ್ಟ್ ಹೊಸದಮ್ಮ. ಹಳೇ ಮಷೀನಿನ ಥರ ಕೇಳಲಿ ಅಂತ ಅವರೇ ಬೇಕಂತ ಹಾಗೆ ಮಾಡಿರ್ತಾರೆ" ಅಂತ ನಕ್ಕ. ನನಗೆ ನಗು ಬರಲಿಲ್ಲ. ಅವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಶನಿವಾರದ ನಿಮ್ಮ ಕಾರ್ಯಕ್ರಮಕ್ಕೆ ನಿನ್ನ ಅಮ್ಮ ಬರಲ್ಲ ಅಂದಳಂತೆ. "ನಮ್ಮ ಮನೆ ಗಂಟಲಿಗೆ ಹಾಡು ಒಲಿಯಲ್ಲ, ಸುಮ್ಮನೆ ನಗೆಪಾಟಲಾಗಬೇಡ" ಅಂದಳಂತೆ. ಅದಕ್ಕೆ ನೀನು ಮಾತು ಬಿಟ್ಟಿದ್ದೀಯಂತೆ. ಅವಳ ಮೇಲೆ ಸಿಟ್ಟು ಬೇಡ ಮಗಾ. ಆ ಮಾತು ಅವಳದಲ್ಲ. ಯಾರದು ಅಂತ ಕೆಳಗೆ ಬರೆಯುತ್ತೇನೆ, ಧೈರ್ಯ ಬಂದರೆ.

ನಿನ್ನ ಕ್ಯಾಸೆಟ್ಟು ಪಾಸು. ಆ ಮೂರನೇ ಹಾಡೂ ಪಾಸು. ಬಾಯಿ ತುಂಬ ತೆರೆದು ಹಾಡು, ಬಿಸಿನೀರು ಕುಡಿ. ನೂರು ಕಾಲ ಬಾಳು. ನಿನ್ನ ಗಂಟಲು ನಿನಗಿಂತ ಒಂದು ದಿನ ಹೆಚ್ಚು ಬಾಳಲಿ.

ನಿನ್ನ ಅಜ್ಜಿ

ಇದು ಮರೆತು ಬಿಟ್ಟದ್ದಲ್ಲ, ಹೆದರಿ ಕೊನೆಗೆ ಇಟ್ಟದ್ದು. ಇದರ ಜೊತೆಗಿರುವ ಕ್ಯಾಸೆಟ್ಟು ನಿನ್ನ ಅಮ್ಮನದು. ಹದಿನಾಲ್ಕು ವರ್ಷದವಳಿದ್ದಾಗ ಶಾಲೆಯ ಟೀಚರ್ ಅವಳ ಹಾಡು ರೆಕಾರ್ಡ್ ಮಾಡಿ ಕೊಟ್ಟಿದ್ದರು. ಓಡಿ ಬಂದು "ಅಮ್ಮಾ, ಚೆಕ್ ಮಾಡು" ಅಂದಳು. ಮನೆಯ ಮಷೀನಿಗೆ ಹಾಕಿದೆ. ದನಿ ಜಾರಿತು, ಕುಸಿಯಿತು. "ನಮ್ಮ ಮನೆ ಗಂಟಲಿಗೆ ಹಾಡು ಒಲಿಯಲ್ಲ ಕಣೇ" ಅಂತ ನಗುತ್ತಾ ಕಾರ್ಖಾನೆಯಿಂದ ತಂದಿದ್ದ ಕೆಂಪು ಚುಕ್ಕೆ ಅಂಟಿಸಿದೆ. ಅವಳು ಮತ್ತೆ ಹಾಡಲಿಲ್ಲ. ವಾರದ ಮೇಲೆ ರಿಪೇರಿಯವನು ಬಂದು "ಬೆಲ್ಟ್ ಸಡಿಲ ಆಗಿತ್ತಮ್ಮ" ಅಂತ ಬದಲಿಸಿದ. ಯಾರೂ ಇಲ್ಲದಾಗ ಅವಳ ಹಾಡು ಹಾಕಿದೆ. ಒಂದೇ ಒಂದು ತಪ್ಪಿರಲಿಲ್ಲ. ಹೇಳಲಿಲ್ಲ. ಊರವರ ತಪ್ಪೆಲ್ಲ ಹಿಡಿಯುವವಳು ಮಗಳ ಮುಂದೆ ಹೇಗೆ ತಲೆ ತಗ್ಗಿಸಲಿ ಅಂತ ಇವತ್ತು, ನಾಳೆ ಅನ್ನುತ್ತಾ ಮೂವತ್ನಾಲ್ಕು ವರ್ಷ ಆಯಿತು.

ಕೊರಿಯರ್‌ನವನು ಗುರುವಾರ ಮುಟ್ಟಿಸ್ತೀನಿ ಅಂದಿದ್ದಾನೆ. ಶನಿವಾರದ ಒಳಗೆ ಒಳ್ಳೆ ಮಷೀನಿಗೆ ಹಾಕಿ ಅವಳನ್ನು ಕೂರಿಸಿ ಕೇಳಿಸು. ಈ ಕಾಗದವನ್ನೂ ಓದಿ ಹೇಳು. ಚುಕ್ಕೆಯನ್ನು ಉಗುರಿನಲ್ಲಿ ಕೆರೆದೆ, ಬಿಸಿನೀರಿನ ಬಟ್ಟೆ ಒತ್ತಿದೆ, ಬರಲಿಲ್ಲ. ನಮ್ಮ ಕಾರ್ಖಾನೆಯ ಅಂಟು ಅಷ್ಟು ಗಟ್ಟಿ. ಅವಳೇ ಕಿತ್ತರೆ ಬರುತ್ತೇನೋ ನೋಡು.