ಕೈ ತಿನ್ನುವ ಗಿಟಾರು

ಮಾರ್ಚ್ ೧೧, ಮಂಗಳವಾರ

ಮಗಳೇ,

ಫೋನು ಬಿಟ್ಟು ಅಮ್ಮ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ನಾನು ಗಟ್ಟಿಯಾಗಿಯೇ ಇದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಸಿಡುಕುತ್ತೇನೆ, ಹೇಳಬೇಕಾದ್ದು ಅಲ್ಲಿಗೇ ನಿಲ್ಲುತ್ತದೆ. ಅಕ್ಷರ ಸೊಟ್ಟಗಿದೆ, ಹೇಗೋ ಓದಿಕೋ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ನಿನ್ನ ಐದು ತಂತಿಯ ಬೇಸ್ ಗಿಟಾರು ಇನ್ನೂ ಮಾರಾಟವಾಗಿಲ್ಲ. ಬೀರುವಿನ ಹಿಂದಿನಿಂದ ತೆಗೆದು ಧೂಳು ಒರೆಸಿ ನಡುಮನೆಯ ಕುರ್ಚಿಗೆ ಒರಗಿಸಿದ್ದೇನೆ. ಅಂಗಡಿಯವರಿಗೆ ಕೊಡಬೇಡ, ಬಾರಿಸುವವರಿಗೇ ಕೊಡು ಎಂದಿದ್ದೆಯಲ್ಲ, ಅಂಥವರೇ ಇಬ್ಬರು ಬಂದಿದ್ದರು.

ಮೊದಲು ಬಂದವನು ಹೋಟೆಲಿನಲ್ಲಿ ಬಾರಿಸುವ ಜುಟ್ಟಿನವನು. ನಿನ್ನನ್ನು ಬಲ್ಲನಂತೆ. ಅದನ್ನು ಎತ್ತಿ, ತಿರುಗಿಸಿ, ಮೂಸಿಯೂ ನೋಡಿದ. "ನಾಲ್ಕು ತಂತಿ ಇದ್ದಿದ್ರೆ ಸಾಕಿತ್ತಮ್ಮ, ಐದನೇದು ಯಾಕೆ?" ಅಂದ. "ಐದು ಗಜ ಬಟ್ಟೆ ಕೇಳಿದವರಿಗೆ ನಾಲ್ಕು ಗಜ ಅಳೆದು ಕೊಟ್ಟು ಅಭ್ಯಾಸ ಇಲ್ಲಪ್ಪ ನಂಗೆ" ಅಂದೆ. ನಕ್ಕ. ಆಮೇಲೆ ದನಿ ತಗ್ಗಿಸಿ, "ಇದರ ಕಥೆ ನಮ್ಮವರಿಗೆಲ್ಲ ಗೊತ್ತು ಬಿಡಿ. ಕೈ ತಿನ್ನೋ ಗಿಟಾರು ಅಂತಲೇ ಕರೀತಾರೆ. ಯಾರೂ ತಗೊಳಲ್ಲ. ಅರ್ಧಕ್ಕೆ ಕೊಟ್ಟುಬಿಡಿ, ಮನೆಯಿಂದ ಪೀಡೆ ತೊಲಗುತ್ತೆ" ಅಂದ.

"ಬಾಗಿಲು ಎಲ್ಲಿದೆ ಅಂತ ಬರುವಾಗಲೇ ನೋಡಿದ್ದೀಯಲ್ಲ, ಹಾಗೇ ಹೋಗು" ಅಂದೆ. ಹೋದ.

ಅವನು ಹೋದ ಮೇಲೆ ಅವನ ಮೇಲೆ ಕೋಪ ಉಳಿಯಲಿಲ್ಲ. ಆ ಹೆಸರು ಹುಟ್ಟಿದ್ದು ಅವನ ಬಾಯಲ್ಲಲ್ಲ. ನಿನ್ನ ಗೆಳೆಯರಿಗೆ ಹೇಳಿದವಳು ನೀನು. ನಿನಗೆ ಹೇಳಿಕೊಟ್ಟವಳು ನಾನು. "ಅದು ನಿನ್ನ ಕೈ ತಿನ್ನುತ್ತೆ ನೋಡ್ತಿರು" ಎಂದು ನಿನ್ನ ಹದಿನಾರನೆಯ ವಯಸ್ಸಿನಿಂದ ಹೇಳಿಕೊಂಡು ಬಂದೆ.

ಎರಡನೆಯವಳು ಶುಕ್ರವಾರ ಬಂದಳು. ಹಗಲು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾಳೆ, ವಾರಕ್ಕೆರಡು ದಿನ ತನ್ನ ಗುಂಪಿನ ಜೊತೆ ಬಾರಿಸುತ್ತಾಳೆ. ಒಳಗೆ ಬಂದವಳೇ "ಕೈ ತೊಳ್ಕೋಬಹುದಾ ಅಮ್ಮ?" ಎಂದು ಕೇಳಿದಳು. ನನಗೆ ಅಲ್ಲೇ ಹಿಡಿಸಿದಳು. ಅಂಗಡಿಯಲ್ಲಿ ಒಳ್ಳೆಯ ಬಟ್ಟೆಯ ಥಾನು ಬಿಚ್ಚುವ ಮೊದಲು ನಾನೂ ಕೈ ತೊಳೆಯುತ್ತಿದ್ದೆ.

ನೀನು ಬಿಟ್ಟುಹೋಗಿದ್ದ ಸ್ಪೀಕರಿಗೆ ವೈರು ಸಿಕ್ಕಿಸಿ ಎಲ್ಲಕ್ಕಿಂತ ದಪ್ಪದ ತಂತಿಯನ್ನು ಒಂದೇ ಒಂದು ಸಲ ಮೀಟಿದಳು. ಅಡುಗೆಮನೆಯಲ್ಲಿ ತಟ್ಟೆಗಳು ಗುಂಯ್ ಎಂದವು. ಎರಡು ವರ್ಷವಾಗಿತ್ತು, ನಮ್ಮ ತಟ್ಟೆಗಳು ಹಾಗೆ ಸದ್ದು ಮಾಡಿ. ಮೊದಲಾದರೆ "ಸಾಕು ನಿಲ್ಲಿಸು" ಎಂದು ಕೂಗುತ್ತಿದ್ದೆ.

ಆಮೇಲೆ ಅವಳು ಬಗ್ಗಿ ತಂತಿಗಳನ್ನು ಪಕ್ಕದಿಂದ ನೋಡಿದಳು. ತಂತಿಗಳನ್ನು ತೀರ ಕೆಳಕ್ಕೆ ಇಳಿಸಿದ್ದಾರೆ, ಹಾಕಿರುವುದೂ ತೆಳ್ಳಗಿನವು ಎಂದಳು. ಬಲವಿಲ್ಲದ ಕೈಗೆ ಒತ್ತಲು ಸುಲಭವಾಗಲಿ ಎಂದು ಹಾಗೆ ಮಾಡುತ್ತಾರಂತೆ. "ಕೈ ಸೋತ ಮೇಲೂ ತುಂಬ ದಿನ ಬಾರಿಸಿದ್ದಾರೆ ಪಾಪ. ನೀವು ನೋಡಿರ್ಲಿಲ್ವಾ?" ಎಂದು ಕೇಳಿದಳು. ನನ್ನ ಕಣ್ಣು ಮಂಜು, ಅದೆಲ್ಲ ಕಾಣುವುದಿಲ್ಲ ಅಂದೆ.

ಗಿಟಾರು ಅವಳಿಗೆ ಮನಸ್ಸಿಗೆ ಬಂದಿತ್ತು. ತೊಡೆಯ ಮೇಲಿಂದ ಇಳಿಸಲಿಲ್ಲ. ಆದರೂ ಕೇಳಿದಳು: "ನಂಗೆ ಸ್ಟೀರಿಂಗ್ ಹಿಡಿದ್ರೇನೇ ಊಟ. ನಿಜ ಹೇಳಿ ಅಮ್ಮ, ಅವರ ಕೈ ಹೋಗಿದ್ದು ಇದರಿಂದಲೇನಾ?"

ಮೂವತ್ತು ವರ್ಷ ಬಟ್ಟೆ ಮಾರಿದ್ದೇನೆ. ಒಂದು ಎಳೆ ಹರಿದಿದ್ದರೂ ಗಿರಾಕಿ ಕಾಣುವ ಮೊದಲು ನಾನೇ ತೋರಿಸುತ್ತಿದ್ದೆ. ಒಳ್ಳೆಯ ಮಾಲಿಗೆ ಇಲ್ಲದ ಕಲೆ ಹಚ್ಚುವವರನ್ನೂ ಅಂಗಡಿಯ ಮೆಟ್ಟಿಲು ಹತ್ತಿಸಿದವಳಲ್ಲ. ಹೌದು ಎಂದಿದ್ದರೆ ಅವಳು ಎದ್ದು ಹೋಗುತ್ತಿದ್ದಳು, ನನ್ನ ಮಾತೂ ಉಳಿಯುತ್ತಿತ್ತು. ಬಾಯಿಗೆ ಬರಲಿಲ್ಲ. "ಇದರಲ್ಲಿ ಏನೂ ದೋಷ ಇಲ್ಲ ತಾಯಿ. ದೋಷ ನಮ್ಮ ರಕ್ತದಲ್ಲಿದೆ" ಅಂದೆ. ಯಾರಿಗೂ ತೋರಿಸದೆ ಸೆರಗಿನಡಿ ಮುಚ್ಚಿಡುವ ನನ್ನ ಎಡಗೈಯನ್ನು ಮೇಜಿನ ಮೇಲಿಟ್ಟೆ.

ನೀನೂ ಅದನ್ನು ಸರಿಯಾಗಿ ನೋಡಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಇಳಿದು ಗುಳಿ ಬಿದ್ದಿದೆ, ಕಿರುಬೆರಳು ಒಳಕ್ಕೆ ಮಡಚಿದೆ. ನಿನ್ನ ಕೈ ಈಗ ಹೇಗಿದೆಯೋ ಹಾಗೆ. ನನ್ನ ಅಮ್ಮನಿಗೂ ಹೀಗೇ ಇತ್ತು. ಬೀದಿಯವರು ಅವಳನ್ನು ಸೊಟ್ಟಗೈಯವಳು ಎಂದು ಕರೆಯುತ್ತಿದ್ದರು. ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಅವಳು ನೀರು ಕೊಡುವುದನ್ನು ನೋಡಿ ಎದ್ದು ಹೋದರು. ಅಂದಿನಿಂದ ಈ ಮಾತು ನನ್ನ ಬಾಯಿಂದ ಹೊರಬೀಳುವುದಿಲ್ಲ ಎಂದು ಹಟ ಹಿಡಿದೆ. ನಿನ್ನ ಅಪ್ಪ ಕಣ್ಣು ಮುಚ್ಚುವವರೆಗೂ ಅವರಿಗೂ ಹೇಳಲಿಲ್ಲ.

ಆ ದಿನ ಡಾಕ್ಟರ ಕೋಣೆಯಲ್ಲಿ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ, ನೆನಪಿದೆಯಾ? "ಮನೇಲಿ ಇನ್ಯಾರಿಗಾದ್ರೂ ಹೀಗಿದೆಯಾ?" ಎಂದು ಅವರು ಕೇಳಿದರು. ಕೇಳಿದ್ದು ನಿನ್ನನ್ನು. ನೀನು ನನ್ನ ಮುಖ ನೋಡಿದೆ. "ನಮ್ಮ ವಂಶದಲ್ಲೇ ಇಲ್ಲ" ಎಂದು ನಾನು ತಕ್ಷಣ ಹೇಳಿದೆ. ಕೈಯಿಂದ ಏನು ಕೆಲಸ ಮಾಡುತ್ತೀರಿ ಎಂದು ಮುಂದೆ ಕೇಳಿದರು, ನೀನು ಗಿಟಾರು ಎಂದೆ, ಅವರು ಅದನ್ನೇ ಕಾರಣವೆಂದು ಬರೆದುಕೊಂಡರು. ಎರಡು ವರ್ಷ ನೀನು ಕೈಗೆ ಪಟ್ಟಿ ಕಟ್ಟಿಕೊಂಡು, ಬಾರಿಸುವುದು ಬಿಟ್ಟರೆ ಸರಿಹೋಗುತ್ತದೆ ಎಂದು ಕಾದೆ. ಅದು ಹಾಗೆ ಸರಿಹೋಗುವುದಲ್ಲ ಎಂದು ನನಗೆ ಗೊತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನಗೆ ಕುಣಿಯಲು ಬರುತ್ತಿತ್ತು. ನೆಲವೂ ಸರಿಯಾಗಿತ್ತು. ಡೊಂಕು ಎಂದು ನಿನ್ನನ್ನು ನಂಬಿಸಿದವಳು ನಾನು.

ಹೋದ ಸಲ ಬಂದಾಗ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು, "ನಿನ್ನ ಮಾತು ಕೇಳಬೇಕಿತ್ತಮ್ಮ, ನನ್ನ ಕೈ ನಾನೇ ಹಾಳುಮಾಡ್ಕೊಂಡೆ" ಎಂದು ಅತ್ತೆ. ಆ ಒಂದು ಮಾತಿಗೆ ನಾನು ಹದಿನೆಂಟು ವರ್ಷ ಕಾದಿದ್ದೆ. ಬಂದಾಗ ತುಟಿ ಪಿಟಕ್ಕೆನ್ನದೆ ತೆಗೆದುಕೊಂಡೆ. ನಿನ್ನ ತಲೆ ಸವರಿದೆ. ಯಾವ ಕೈಯಿಂದ ಸವರಿದೆ ಎಂದು ನೀನು ನೋಡಲಿಲ್ಲ.

ವ್ಯಾನಿನವಳು ನನ್ನ ಕೈ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಇದು ನಿಮ್ಮ ಮಗಳಿಗೆ ಗೊತ್ತಾ?"

ನಾನು ಕೈಯನ್ನು ಮತ್ತೆ ಸೆರಗಿನಡಿ ಎಳೆದುಕೊಂಡೆ. ಅವಳು ಗಿಟಾರನ್ನು ಮೆಲ್ಲಗೆ ಕುರ್ಚಿಗೆ ಒರಗಿಸಿದಳು. "ಮೊದಲು ಅವರಿಗೆ ಹೇಳಿ ಅಮ್ಮ. ಆಮೇಲೂ ಮಾರ್ತೀನಿ ಅಂದ್ರೆ ಬಂದು ತಗೊಂಡು ಹೋಗ್ತೀನಿ, ಬೇರೆ ಯಾವುದನ್ನೂ ನೋಡಲ್ಲ" ಎಂದು ನಂಬರು ಬರೆದಿಟ್ಟು ಹೋದಳು. ಬಾರಿಸುವವರ ಬಾಯಿ ನಿನಗೇ ಗೊತ್ತು. ಇದು ಹೇಗಾದರೂ ನಿನ್ನ ಕಿವಿಗೆ ಬೀಳುತ್ತದೆ. ನನ್ನಿಂದಲೇ ಬೀಳಲಿ ಎಂದು ಬರೆಯುತ್ತಿದ್ದೇನೆ.

ಮಾರುವುದು ಬಿಡುವುದು ನಿನಗೆ ಬಿಟ್ಟದ್ದು. ಈಗ ಅದನ್ನು ಹಿಡಿಯಲು ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದು ನನಗೂ ಗೊತ್ತು. ಮಾರುವುದಾದರೆ ಅದರ ಮೇಲೆ ಸಿಟ್ಟಿಟ್ಟುಕೊಂಡು ಮಾರಬೇಡ. ಸಿಟ್ಟು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಕಳಿಸು, ವಿಳಾಸ ನಿನಗೆ ಗೊತ್ತಿದೆ.

ಮತ್ತೆ ಡಾಕ್ಟರ ಹತ್ತಿರ ಹೋಗು. ಆ ಪ್ರಶ್ನೆ ಕೇಳಿದರೆ "ಅಜ್ಜಿಗಿತ್ತು, ಅಮ್ಮನಿಗಿದೆ" ಎಂದು ಬರೆಸು. ಕರೆದರೆ ನಾನೂ ಬಂದು ಅವರ ಮೇಜಿನ ಮೇಲೆ ಕೈ ಇಡುತ್ತೇನೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಯಾರೂ ಕಲಿಸಲಿಲ್ಲ. ನಿನಗೆ ಉತ್ತರ ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ.

ಇತಿ,
ನಿನ್ನ ಕೈಗೆ ಕಾರಣಳಾದ
ಅಮ್ಮ

ಮರೆತ ಮಾತು: ಹನ್ನೊಂದು ವರ್ಷದ ಹಿಂದೆ ಕಣ್ಣು ಮಂಜಾಯಿತು ಎಂದು ಅಂಗಡಿ ಬಿಟ್ಟೆನಲ್ಲ, ಅದು ಸುಳ್ಳು. ಕತ್ತರಿಸುವಾಗ ಬಟ್ಟೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ನನ್ನ ಕನ್ನಡಕದಲ್ಲಿರುವುದು ಬರಿಯ ಗಾಜು. ಹೊಸದು ಮಾಡಿಸೋಣ ಬಾ ಎಂದು ನೀನು ಕರೆದಾಗಲೆಲ್ಲ ಜಗಳ ತೆಗೆದದ್ದು ಅದಕ್ಕೇ. ನೀನು ಎರಡು ಕೈಯಲ್ಲಿ ಲೋಟ ಹಿಡಿಯತೊಡಗಿದ್ದು, ಅಂಗಿಯ ಗುಂಡಿ ಹಾಕಲಾಗದೆ ಗೋಡೆ ಕಡೆ ತಿರುಗಿ ನಿಂತದ್ದು, ಯಾರೂ ಇಲ್ಲವೆಂದು ತಂತಿಗಳನ್ನು ಒಂದೊಂದಾಗಿ ಇಳಿಸಿಕೊಂಡದ್ದು, ಎಲ್ಲವೂ ನನಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು.